ಬಿ ರಿಪೋರ್ಟ್ ಅಂದ್ರೆ ಕ್ಲೀನ್ ಚಿಟ್ಟಾ?

ಬಸ್ರೂರಿನ ನಮ್ಮ ಮನೆಯಲ್ಲಿ ಟಿವಿ ಒಂದೇ, ಪಕ್ಷ ಎರಡು. 2025ರ ಫೆಬ್ರವರಿಯಲ್ಲಿ ಮುಡಾ ಪ್ರಕರಣದ ಬಿ ರಿಪೋರ್ಟ್ ಸುದ್ದಿ ಬಂದಾಗ ಅಪ್ಪಯ್ಯ ‘ಎಲ್ಲ ಮುಚ್ಚಿ ಹಾಕ್ರ್’ ಅಂದರು. ಚಿಕ್ಕಪ್ಪ ‘ಕ್ಲೀನ್ ಚಿಟ್ ಸಿಕ್ತಲೆ, ಇನ್ನೆಂತ?’ ಅಂದರು. 2022ರ ಜುಲೈನಲ್ಲಿ ಇದೇ ಇಬ್ಬರು ಇದೇ ಮಾತನ್ನು ಅದಲುಬದಲಾಗಿ ಆಡಿದ್ದರು.

ಎರಡು ಪ್ರಕರಣ

2022ರ ಏಪ್ರಿಲ್ 12ರಂದು ಬೆಳಗಾವಿಯ ಗುತ್ತಿಗೆದಾರರೊಬ್ಬರು ಉಡುಪಿಯ ಲಾಡ್ಜ್‌ನಲ್ಲಿ ಶವವಾಗಿ ಸಿಕ್ಕರು. ಸುಮಾರು 4 ಕೋಟಿ ರೂಪಾಯಿ ಕಾಮಗಾರಿಗೆ ಶೇ. 40 ಕಮಿಷನ್ ಕೇಳುತ್ತಿದ್ದಾರೆ ಎಂಬುದು ಅವರ ಆರೋಪವಾಗಿತ್ತು. ಸಚಿವ ಕೆ.ಎಸ್. ಈಶ್ವರಪ್ಪ ಆರೋಪ ನಿರಾಕರಿಸಿದರು, ಆದರೆ 15ರಂದು ರಾಜೀನಾಮೆ ಕೊಟ್ಟರು. ಜುಲೈನಲ್ಲಿ ಉಡುಪಿ ಪೊಲೀಸರಿಂದ ಬಿ ರಿಪೋರ್ಟ್.

ಇನ್ನೊಂದು ಮುಡಾ. ಸಿದ್ದರಾಮಯ್ಯನವರ ಪತ್ನಿಗೆ ಮೈಸೂರಿನಲ್ಲಿ 14 ಬದಲಿ ನಿವೇಶನ ಸಿಕ್ಕಿದ್ದರ ತಕರಾರು. ರಾಜ್ಯಪಾಲರು ತನಿಖೆಗೆ ಕೊಟ್ಟ ಅನುಮತಿಯನ್ನು 2024ರ ಸೆಪ್ಟೆಂಬರ್ 24ರಂದು ಹೈಕೋರ್ಟ್ ಎತ್ತಿಹಿಡಿಯಿತು. ಸಿದ್ದರಾಮಯ್ಯ ತಪ್ಪೇ ಆಗಿಲ್ಲ ಎಂದರು. ಕೊನೆಗೆ ಲೋಕಾಯುಕ್ತ ಪೊಲೀಸರಿಂದ ಬಿ ರಿಪೋರ್ಟ್.

ಹಾಗಾದ್ರೆ ಬಿ ರಿಪೋರ್ಟ್ ಎಂದರೇನು?

ತನಿಖೆ ಮುಗಿದ ಮೇಲೆ ಸಾಕ್ಷ್ಯ ಸಿಕ್ಕರೆ ಚಾರ್ಜ್‌ಶೀಟ್, ಸಿಗದಿದ್ದರೆ ಬಿ ರಿಪೋರ್ಟ್. ಅದು ಪೊಲೀಸರ ಅಭಿಪ್ರಾಯ, ತೀರ್ಪಲ್ಲ. ದೂರುದಾರರು ಆಕ್ಷೇಪಣೆ ಸಲ್ಲಿಸಬಹುದು. ನ್ಯಾಯಾಲಯ ಒಪ್ಪಬಹುದು, ತಳ್ಳಿಹಾಕಬಹುದು, ಮತ್ತೆ ತನಿಖೆ ಮಾಡಿ ಅನ್ನಬಹುದು. ಅಂದರೆ ‘ಕ್ಲೀನ್ ಚಿಟ್’ ಅನ್ನೋದೂ ಅವಸರ, ‘ಮುಚ್ಚಿ ಹಾಕಿದ್ರು’ ಅನ್ನೋದೂ ಅವಸರ. ಲೋಕಾಯುಕ್ತಕ್ಕೂ ಬರುವವರು ರಾಜ್ಯದ ಪೊಲೀಸರೇ, ಹಾಗಾಗಿ ಅನುಮಾನ ಪಡುವುದು ತಪ್ಪಲ್ಲ. ಆದರೆ ಎರಡೂ ಸಲ ಪಡಬೇಕು.

ಮಧ್ಯದಲ್ಲಿ ಆಗುವುದೇನು?

ಒಂದೇ ಇನ್‌ಪುಟ್‌ಗೆ ಎರಡು ಔಟ್‌ಪುಟ್ ಬಂದರೆ ಮಧ್ಯದ ಸರ್ಕ್ಯೂಟ್ ನೋಡು ಅಂತ ಇಂಜಿನಿಯರಿಂಗ್‌ನಲ್ಲಿ ಕಲಿಸಿದ್ದರು. ಇಲ್ಲಿ ಸರ್ಕ್ಯೂಟ್ ಎಂದರೆ ವಾಹಿನಿ. ಸ್ಕ್ರೋಲ್‌ನಲ್ಲಿ ಯಾವ ಪದ, ಎಷ್ಟು ದಿನ ಚರ್ಚೆ, ‘ಅವರ ಕಾಲದಲ್ಲಿ ಆಗಿರಲಿಲ್ವಾ?’ ಎಂಬ ಪ್ರಶ್ನೆ ಯಾವಾಗ: ಇಷ್ಟರಲ್ಲೇ ನೋಡುವವರ ಸಿಟ್ಟು ನಿರ್ಧಾರವಾಗುತ್ತದೆ. ಕರ್ನಾಟಕದಲ್ಲಿ ರಾಜಕೀಯ ಮತ್ತು ವಾಹಿನಿಯ ನಂಟು ಗುಟ್ಟೇನಲ್ಲ. ಕಸ್ತೂರಿ ವಾಹಿನಿ ಕಟ್ಟಿದ್ದು ಅನಿತಾ ಕುಮಾರಸ್ವಾಮಿ. ಸುವರ್ಣ ನ್ಯೂಸ್‌ನ ಹಿಂದಿದ್ದ ಉದ್ಯಮಿ ರಾಜೀವ್ ಚಂದ್ರಶೇಖರ್ 2021ರಲ್ಲಿ ಕೇಂದ್ರ ಸಚಿವರಾದರು. ಪ್ರತಿ ಸುದ್ದಿಯನ್ನೂ ಒಡೆಯರೇ ಬರೆಸುತ್ತಾರೆ ಎಂದಲ್ಲ, ಒಡೆತನ ಗೊತ್ತಿದ್ದು ನೋಡಿ ಎಂದಷ್ಟೆ.

ಮುಂದಿನ ಹಗರಣಕ್ಕೆ ನನ್ನ ಲೆಕ್ಕ ಸರಳ: ಪಕ್ಷದ ಹೆಸರು ಬದಲಿಸಿ ಅದೇ ಸುದ್ದಿ ಓದಿ. ಸಿಟ್ಟು ಇಳಿದರೆ, ಅದು ಭ್ರಷ್ಟಾಚಾರದ ಮೇಲಿನ ಸಿಟ್ಟಲ್ಲ. ಅಪ್ಪಯ್ಯ, ಚಿಕ್ಕಪ್ಪ ಇಬ್ಬರೂ ಒಂದೊಂದು ಸಲ ಗೆದ್ದರು. ಗುತ್ತಿಗೆದಾರನ ಮನೆಯವರಿಗೆ ಅದರಿಂದ ಏನು ಸಿಕ್ಕಿತು ಎಂದು ಇಬ್ಬರೂ ಕೇಳಲಿಲ್ಲ.