ಹಿಟ್ಟು ಬಳಿದುಕೊಂಡು ಕಣಕ್ಕಿಳಿದ ಚಾಂಪಿಯನ್

1933ರ ಜುಲೈ 21ರಂದು ಬರ್ಲಿನ್ನಿನ ಬಾಕ್ಸಿಂಗ್ ಕಣಕ್ಕೆ ಬಂದ ಯೋಹಾನ್ ಟ್ರೋಲ್‌ಮನ್‌ನನ್ನು ಕಂಡು ಪ್ರೇಕ್ಷಕರು ಬೆಕ್ಕಸಬೆರಗಾದರು. ಕಪ್ಪು ಕೂದಲು ಹೊಂಬಣ್ಣಕ್ಕೆ ತಿರುಗಿತ್ತು. ಮೈಗೆಲ್ಲ ಬಿಳಿಯ ಹಿಟ್ಟು ಮೆತ್ತಿತ್ತು. ಅದು ‘ಆರ್ಯ’ ಜರ್ಮನ್ನನ ವೇಷ. ಹಿಟ್ಲರ್ ಅಧಿಕಾರಕ್ಕೆ ಬಂದು ಆಗಿನ್ನೂ ಆರು ತಿಂಗಳೂ ತುಂಬಿರಲಿಲ್ಲ.

ಟ್ರೋಲ್‌ಮನ್ ಹುಟ್ಟಿದ್ದು 1907ರಲ್ಲಿ, ಬೆಳೆದದ್ದು ಹ್ಯಾನೋವರ್ ನಗರದಲ್ಲಿ. ಸಿಂತಿ ಜನಾಂಗದವನು, ಯುರೋಪಿನವರು ಜಿಪ್ಸಿಗಳೆಂದು ಹೀಗಳೆಯುತ್ತಿದ್ದ ಜನ ಇವರು. ಸುಮಾರು ಸಾವಿರ ವರ್ಷಗಳ ಹಿಂದೆ ಇವರ ಪೂರ್ವಿಕರು ಭಾರತದಿಂದ ವಲಸೆ ಹೋದವರೆಂಬುದಕ್ಕೆ ಅವರ ಭಾಷೆಯೇ ಸಾಕ್ಷಿ. ತನ್ನವರ ಬಾಯಲ್ಲಿ ಆತ ‘ರುಕೇಲಿ’. ಆ ಭಾಷೆಯಲ್ಲಿ ‘ರುಕ್’ ಎಂದರೆ ಮರ. ಸಂಸ್ಕೃತದ ವೃಕ್ಷ, ಪ್ರಾಕೃತದ ರುಕ್ಖ ಇದರ ಮೂಲ.

ಮರದಂತೆ ನೆಟ್ಟಗಿದ್ದರೂ ಕಣದಲ್ಲಿ ಆತ ನಿಂತಲ್ಲಿ ನಿಲ್ಲುವ ಆಸಾಮಿಯಲ್ಲ. ಕಾಲು ಕುಣಿಸುತ್ತ, ಏಟು ತಪ್ಪಿಸಿಕೊಳ್ಳುತ್ತ, ಎದುರಾಳಿ ದಣಿದಾಗ ಗುದ್ದುವುದು ಆತನ ವರಸೆ. ಮೂರು ದಶಕಗಳ ಅನಂತರ ಮಹಮ್ಮದ್ ಅಲಿ ಇದೇ ಬಗೆಯ ಆಟ ಆಡಿದಾಗ ಜಗತ್ತೇ ತಲೆದೂಗಿತು. ನಾಜಿಗಳ ಕಣ್ಣಿಗೆ ಮಾತ್ರ ಅದು ಜರ್ಮನ್ ಪೌರುಷಕ್ಕೆ ಒಗ್ಗದ ಜಿಪ್ಸಿ ಕುಣಿತ.

ಆ ವರ್ಷ, ಯಹೂದಿ ಎಂಬ ಒಂದೇ ಕಾರಣಕ್ಕೆ ಎರಿಕ್ ಸೀಲಿಗ್‌ನಿಂದ ಲೈಟ್ ಹೆವಿವೇಟ್ ಪ್ರಶಸ್ತಿಯನ್ನು ಕಸಿದುಕೊಳ್ಳಲಾಗಿತ್ತು. ತೆರವಾದ ಪ್ರಶಸ್ತಿಗಾಗಿ ಜೂನ್ 9ರಂದು ಟ್ರೋಲ್‌ಮನ್ ಮತ್ತು ಅಡಾಲ್ಫ್ ವಿಟ್ ಸೆಣಸಿದರು. ಟ್ರೋಲ್‌ಮನ್‌ನ ಮೇಲುಗೈ ಎಲ್ಲರಿಗೂ ಕಾಣುವಂತಿತ್ತು. ಆದರೂ ಪಂದ್ಯಕ್ಕೆ ಫಲಿತಾಂಶವೇ ಇಲ್ಲವೆಂದು ಬಾಕ್ಸಿಂಗ್ ಸಂಘದ ನಾಜಿ ಮುಖ್ಯಸ್ಥ ಘೋಷಿಸಿಬಿಟ್ಟ. ಜನ ಸುಮ್ಮನಿರಲಿಲ್ಲ. ಗದ್ದಲ ಎಷ್ಟಾಯಿತೆಂದರೆ ಪ್ರಶಸ್ತಿಯನ್ನು ಟ್ರೋಲ್‌ಮನ್‌ಗೇ ಕೊಡಬೇಕಾಯಿತು. ಆತ ಕಣದಲ್ಲೇ ಅತ್ತುಬಿಟ್ಟ. ಕೆಲವೇ ದಿನಗಳಲ್ಲಿ ಪತ್ರ ಬಂತು: ಪ್ರಶಸ್ತಿ ವಾಪಸು. ಕೊಟ್ಟ ಕಾರಣಗಳಲ್ಲಿ ಆ ಕಣ್ಣೀರೂ ಒಂದು. ಚಾಂಪಿಯನ್‌ಗೆ ತಕ್ಕ ನಡತೆಯಲ್ಲವಂತೆ!

ಅನಂತರ ಗೊತ್ತಾದದ್ದು ಗುಸ್ತಾವ್ ಈಡರ್ ವಿರುದ್ಧದ ಪಂದ್ಯ. ಕುಣಿಯಕೂಡದು, ನಿಂತು ಹೊಡೆದಾಡಬೇಕು, ತಪ್ಪಿದರೆ ಲೈಸೆನ್ಸ್ ರದ್ದು ಎಂಬ ತಾಕೀತು ಬೇರೆ. ಟ್ರೋಲ್‌ಮನ್ ಹಿಟ್ಟು ಬಳಿದುಕೊಂಡು ಬಂದದ್ದು ಅಂದೇ. ಹೇಳಿದಂತೆ ನಿಂತ. ಗುದ್ದು ತಿಂದ. ಐದನೆಯ ಸುತ್ತಿನಲ್ಲಿ ಉರುಳಿದ. ಆಜ್ಞೆಯನ್ನು ಅಕ್ಷರಶಃ ಪಾಲಿಸಿಯೇ ಅದನ್ನು ಅಣಕಿಸಿದ ಇಂಥ ಪ್ರತಿಭಟನೆ ಕ್ರೀಡಾ ಇತಿಹಾಸದಲ್ಲಿ ವಿರಳ.

ಅಲ್ಲಿಗೆ ಬಾಕ್ಸಿಂಗ್ ಬದುಕು ಮುಗಿದಂತೆಯೇ ಆಯಿತು. ಸರ್ಕಾರ ಬಲವಂತದಿಂದ ಸಂತಾನಹರಣ ಚಿಕಿತ್ಸೆ ಮಾಡಿಸಿತು. ಹೆಂಡತಿ, ಮಗಳಿಗೆ ಕೇಡಾಗದಿರಲೆಂದು 1938ರಲ್ಲಿ ವಿಚ್ಛೇದನ ಪಡೆದ. ಯುದ್ಧ ಬಂದಾಗ ಅದೇ ಸರ್ಕಾರ ಆತನನ್ನು ಸೈನ್ಯಕ್ಕೆ ಸೇರಿಸಿಕೊಂಡಿತು. 1942ರಲ್ಲಿ ಹೊರದಬ್ಬಿ ನೊಯೆನ್‌ಗಾಮೆ ಯಾತನಾ ಶಿಬಿರಕ್ಕೆ ಅಟ್ಟಿತು. ಹಗಲೆಲ್ಲ ದುಡಿದ ಮೇಲೆ ಕಾವಲುಗಾರರೊಡನೆ ಗುದ್ದಾಡಬೇಕಿತ್ತು. ಆತನನ್ನು ಉಳಿಸಲೆಂದು ಜೊತೆಯ ಕೈದಿಗಳು 1943ರಲ್ಲಿ ‘ಸತ್ತ’ನೆಂದು ದಾಖಲೆಯಲ್ಲಿ ಬರೆಸಿ, ಬೇರೆ ಹೆಸರಿನಲ್ಲಿ ವಿಟ್ಟೆನ್‌ಬೆರ್ಗೆಯ ಶಿಬಿರಕ್ಕೆ ಸಾಗಿಸಿದರು. ಅಲ್ಲೂ ಗುರುತು ಸಿಕ್ಕಿತು. 1944ರಲ್ಲಿ ಕೈದಿಗಳ ಮೇಲೆ ದರ್ಬಾರು ನಡೆಸುತ್ತಿದ್ದ ಮೇಸ್ತ್ರಿಯೊಬ್ಬನನ್ನು ಪಂದ್ಯದಲ್ಲಿ ಸೋಲಿಸಿದ. ಆ ಸೇಡಿಗೆ ಮೇಸ್ತ್ರಿ ಆತನನ್ನು ಹೊಡೆದು ಕೊಂದ.

ಜರ್ಮನ್ ಬಾಕ್ಸಿಂಗ್ ಸಂಘ ಟ್ರೋಲ್‌ಮನ್‌ನ ಹೆಸರನ್ನು ಚಾಂಪಿಯನ್ನರ ಪಟ್ಟಿಗೆ ಮತ್ತೆ ಸೇರಿಸಿ, ಬೆಲ್ಟನ್ನು ಕುಟುಂಬದವರ ಕೈಗಿತ್ತದ್ದು 2003ರಲ್ಲಿ.