ಒಂದು ಪೀಠ, ಎರಡು ಊರು

ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಹಬ್ಬಕ್ಕೆ ಶಿವಾಜಿನಗರಕ್ಕೆ ಹೋಗದ ಕಥೋಲಿಕ ಕುಟುಂಬ ಬೆಂಗಳೂರಿನಲ್ಲಿ ವಿರಳ. ಗುರುವಾರಗಳಂದು ವಿವೇಕನಗರದ ಬಾಲಯೇಸುವಿನ ಪುಣ್ಯಕ್ಷೇತ್ರಕ್ಕೆ ಹೋಗಿ ಮೇಣದ ಬತ್ತಿ ಹಚ್ಚಿ ಬರುವ ವಾಡಿಕೆಯೂ ನಮ್ಮ ಮನೆಗಳಲ್ಲಿ ಉಂಟು. ಆದರೆ ಓದುಗ ಬಾಂಧವರೇ, "ನಮ್ಮ ಮಹಾಧರ್ಮಕ್ಷೇತ್ರದ ಪ್ರಧಾನಾಲಯ ಯಾವುದು? ನೀವು ಅಲ್ಲಿಗೆ ಹೋಗಿದ್ದೀರಾ?" ಎಂದು ಯಾರಾದರೂ ಕೇಳಿದರೆ ನಮ್ಮ ಉತ್ತರವೇನು? ಅನೇಕರು ಸಂತ ಮರಿಯಮ್ಮನವರ ಬಸಿಲಿಕವನ್ನೇ ಹೆಸರಿಸುತ್ತಾರೆ. ಸರಿಯಾದ ಉತ್ತರ ಬೇರೆ. ಕ್ಲೀವ್‌ಲ್ಯಾಂಡ್ ಟೌನಿನ ಸಂತ ಫ್ರಾನ್ಸಿಸ್ ಕ್ಸೇವಿಯರರ ದೇವಾಲಯವೇ ನಮ್ಮ ಪ್ರಧಾನಾಲಯ. ಜನರ ಬಾಯಲ್ಲಿ ಅದು 'ಕಥೀಡ್ರಲ್'.

ಈ ತಪ್ಪು ತಿಳಿವಳಿಕೆ ಬೆಂಗಳೂರಿನವರದು ಮಾತ್ರವಲ್ಲ. ಜಗದ್ಗುರುಗಳ ಪ್ರಧಾನಾಲಯ ಯಾವುದೆಂದು ಕೇಳಿದರೆ ಲೋಕದ ಬಹುಪಾಲು ಜನ ಸಂತ ಪೇತ್ರರ ಬಸಿಲಿಕವೆನ್ನುತ್ತಾರೆ. ಆದರೆ ರೋಮಿನ ಧರ್ಮಾಧ್ಯಕ್ಷರಾಗಿ ಅವರ ಪೀಠ ಇರುವುದು ಲ್ಯಾಟರನ್ ಬಸಿಲಿಕದಲ್ಲಿ. ಅದಕ್ಕಾಗಿಯೇ ಪ್ರತಿ ವರ್ಷ ನವೆಂಬರ್ 9ರಂದು ಲೋಕದ ಎಲ್ಲ ಧರ್ಮಕೇಂದ್ರಗಳಲ್ಲೂ ಆ ದೇವಾಲಯದ ಪ್ರತಿಷ್ಠಾಪನೆಯನ್ನು ಸ್ಮರಿಸುತ್ತೇವೆ. ದೇವಾಲಯವನ್ನು ಪ್ರಧಾನಾಲಯವನ್ನಾಗಿ ಮಾಡುವುದು ಅದರ ಗಾತ್ರವಲ್ಲ, ಗೋಪುರದ ಎತ್ತರವಲ್ಲ, ಜನಸಂದಣಿಯೂ ಅಲ್ಲ. ಒಂದು ಆಸನ. ಗ್ರೀಕ್ ಮೂಲದ 'ಕಥೆದ್ರ' ಎಂಬ ಪದಕ್ಕೆ ಆಸನವೆಂದೇ ಅರ್ಥ. ಧರ್ಮಾಧ್ಯಕ್ಷರು ಯಾವ ಪೀಠದಲ್ಲಿ ಕುಳಿತು ಬೋಧಿಸುತ್ತಾರೋ ಆ ಪೀಠವಿರುವ ಆಲಯವೇ ಎಲ್ಲ ಧರ್ಮಕೇಂದ್ರಗಳಿಗೂ ತಾಯಿ.

ನಮ್ಮ ತಾಯಿ ದೇವಾಲಯ ನಿಂತಿರುವ ಸ್ಥಳವನ್ನು ಅರಿಯಬೇಕಾದರೆ ಬೆಂಗಳೂರಿನ ಇತಿಹಾಸವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕೆಂಪೇಗೌಡರು 1537ರಲ್ಲಿ ಕಟ್ಟಿದ ಪೇಟೆಯೇ ಮೂಲ ಬೆಂಗಳೂರು. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಬ್ರಿಟಿಷರು 1809ರಲ್ಲಿ ಪೇಟೆಯ ಪೂರ್ವಕ್ಕೆ ತಮ್ಮ ಸೈನ್ಯದ ಬೀಡನ್ನು ಸ್ಥಾಪಿಸಿದರು. ಜನ ಅದನ್ನು 'ದಂಡು' ಎಂದರು. ನಗರದ ಒಂದು ರೈಲು ನಿಲ್ದಾಣಕ್ಕೆ ಇಂದಿಗೂ ಅದೇ ಹೆಸರಿದೆ. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗ ಬ್ರಿಟಿಷರು ದಂಡನ್ನು ಮಾತ್ರ ತಮ್ಮ ಆಡಳಿತದಲ್ಲೇ ಉಳಿಸಿಕೊಂಡರು. ಹೀಗೆ ಅಕ್ಕಪಕ್ಕದಲ್ಲೇ ಎರಡು ಊರುಗಳು ಬೆಳೆದವು. ಒಂದಕ್ಕೆ ಮಹಾರಾಜರ ಆಡಳಿತ, ಇನ್ನೊಂದಕ್ಕೆ ಬ್ರಿಟಿಷ್ ರೆಸಿಡೆಂಟರ ಆಡಳಿತ. ಎರಡಕ್ಕೂ ಬೇರೆ ಬೇರೆ ಪುರಸಭೆ. ಪೇಟೆಯಲ್ಲಿ ಕನ್ನಡ, ತೆಲುಗು, ಉರ್ದು. ದಂಡಿನಲ್ಲಿ ತಮಿಳು, ಇಂಗ್ಲಿಷ್, ಉರ್ದು.

ಬಡಾವಣೆಗಳ ಹೆಸರುಗಳೇ ಈ ಇಬ್ಭಾಗವನ್ನು ಹೇಳುತ್ತವೆ. 1892ರಲ್ಲಿ ರೂಪುಗೊಂಡ ಚಾಮರಾಜಪೇಟೆ ಮಹಾರಾಜ ಚಾಮರಾಜೇಂದ್ರ ಒಡೆಯರ ಹೆಸರನ್ನು ಹೊತ್ತಿದೆ. ಅತ್ತ ಕ್ಲೀವ್‌ಲ್ಯಾಂಡ್, ಫ್ರೇಜರ್, ಕಾಕ್ಸ್, ಬೆನ್ಸನ್ ಎಂದು ಆಂಗ್ಲರ ಹೆಸರುಗಳ ಸಾಲು. ಆದರೂ ದುಃಖ ಬಂದಾಗ ಗಡಿ ಉಳಿಯಲಿಲ್ಲ. 1898ರಲ್ಲಿ ಬಂದೆರಗಿದ ಪ್ಲೇಗ್ ಮಾರಿ ಪೇಟೆಯನ್ನೂ ದಂಡನ್ನೂ ಒಂದೇ ಸಮನೆ ಕಾಡಿತು. ಆ ಕಹಿ ಪಾಠದಿಂದಲೇ ಇತ್ತ ಬಸವನಗುಡಿ, ಮಲ್ಲೇಶ್ವರಗಳು, ಅತ್ತ ಫ್ರೇಜರ್ ಟೌನ್, ಗಾಳಿ ಬೆಳಕಿನ ವಿಶಾಲ ಬೀದಿಗಳ ಬಡಾವಣೆಗಳಾಗಿ ಹುಟ್ಟಿದವು.

ಈ ಎರಡು ಊರುಗಳ ನಡುವೆ ಧರ್ಮಸಭೆ ಹೇಗಿತ್ತು? ಮೈಸೂರು ಸೀಮೆಯಲ್ಲಿ ಶುಭಸಂದೇಶದ ಸೇವೆ ಹದಿನೇಳನೆಯ ಶತಮಾನದ ನಡುಭಾಗದಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿಯವರಿಂದ ಆರಂಭವಾಯಿತು. ಟಿಪ್ಪುವಿನ ನಂತರ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಿದವರು ಪ್ಯಾರಿಸ್ಸಿನ ಪರದೇಶ ಧರ್ಮಪ್ರಚಾರಕ ಸಂಘದ ಅಬ್ಬೆ ದ್ಯುಬುವಾ. ಕಾವಿ ತೊಟ್ಟು, ಈ ನೆಲದ ಆಹಾರ ಪದ್ಧತಿಯನ್ನು ಅನುಸರಿಸಿ ಬಾಳಿದ ಅವರು 1823ರಲ್ಲಿ ಫ್ರಾನ್ಸಿಗೆ ಮರಳಿದರು. ಅವರ ಸಂಘದ ಗುರುಗಳು ಆ ಬಳಿಕ ನೂರು ವರ್ಷಕ್ಕೂ ಮಿಗಿಲಾಗಿ ಈ ಸೀಮೆಯ ಸಭೆಯನ್ನು ಪೋಷಿಸಿದರು. 1886ರಲ್ಲಿ ಮೈಸೂರು ಧರ್ಮಕ್ಷೇತ್ರ ಸ್ಥಾಪನೆಯಾಯಿತು. ಅದರ ಧರ್ಮಾಧ್ಯಕ್ಷರು ನೆಲೆಸಿದ್ದುದು ಬೆಂಗಳೂರಿನಲ್ಲಿ. ಪೇಟೆಯ ಕನ್ನಡ ಕ್ರೈಸ್ತರಿಗೂ ದಂಡಿನ ಐರಿಷ್ ಸಿಪಾಯಿಗಳಿಗೂ ಒಬ್ಬರೇ ಕುರಿಗಾಹಿ. ರಾಜಕೀಯವು ಎರಡಾಗಿ ಕಂಡ ಊರನ್ನು ಅವರು ಒಂದೇ ಮಂದೆಯಾಗಿ ಕಾಯಬೇಕಿತ್ತು.

ಈಗ ಮೈಸೂರು ರಸ್ತೆಯ ಬ್ರಿಯಾಂಡ್ ಸ್ಕ್ವೇರಿನ ಸಂತ ಜೋಸೆಫರ ದೇವಾಲಯದಿಂದ ಹೊರಡೋಣ. ಚಾಮರಾಜಪೇಟೆಯ ಕಥೋಲಿಕರಿಗೆ ಅದು ಚಿರಪರಿಚಿತ. ಮಾರುಕಟ್ಟೆಯನ್ನು ಹಾದು, ಪುರಭವನವನ್ನು ಕಂಡು, ಹಡ್ಸನ್ ವೃತ್ತದಲ್ಲಿ ನಮ್ಮ ಪ್ರೊಟೆಸ್ಟೆಂಟ್ ಸಹೋದರರ ಕನ್ನಡ ದೇವಾಲಯಕ್ಕೆ ನಮಿಸಿ ಮುಂದೆ ಸಾಗಿದರೆ ನೃಪತುಂಗ ರಸ್ತೆ. ಅಲ್ಲಿ 1886ರಲ್ಲಿ ಗುಡ್ ಶೆಫರ್ಡ್ ಸಭೆಯ ಕನ್ಯಾಸ್ತ್ರೀಯರು ತೆರೆದ ಸಂತ ಮಾರ್ಥಾ ಆಸ್ಪತ್ರೆ. ಜಾತಿ, ಭಾಷೆಗಳನ್ನು ಕೇಳದೆ ಎರಡೂ ಊರುಗಳ ರೋಗಿಗಳನ್ನು ಸ್ವೀಕರಿಸಿದ ಮನೆ ಅದು. ಮುಂದೆ ಕಬ್ಬನ್ ಉದ್ಯಾನ. 1870ರಲ್ಲಿ ರೂಪುಗೊಂಡ ಈ ಹಸಿರು ಹಾಸು ಪೇಟೆಗೂ ದಂಡಿಗೂ ನಡುವೆ ಹರಡಿಕೊಂಡಿದೆ. ಅದನ್ನು ದಾಟಿದಿರೆಂದರೆ ಹಿಂದಿನ ಕಾಲದಲ್ಲಿ ನೀವು ಒಂದು ಆಡಳಿತದಿಂದ ಇನ್ನೊಂದು ಆಡಳಿತಕ್ಕೆ ಕಾಲಿಟ್ಟಂತೆಯೇ. ಕ್ವೀನ್ಸ್ ರಸ್ತೆ ಹಿಡಿದು ಶಿವಾಜಿನಗರದ ಅಂಚಿನಲ್ಲಿ ಸಾಗಿದರೆ ಕೋಲ್ಸ್ ಪಾರ್ಕು, ಅದರ ಸನಿಹದಲ್ಲೇ ಪ್ರಧಾನಾಲಯ. ಒಟ್ಟು ಏಳೆಂಟು ಕಿಲೋಮೀಟರಿನ ಹಾದಿ. ಇಷ್ಟು ಸಮೀಪದ ತಾಯಿಮನೆಯನ್ನು ನಾವು ಇಷ್ಟು ದೂರವಾಗಿಸಿಕೊಂಡದ್ದು ಹೇಗೆ?

ದೇವಾಲಯದ ಮುಂದೆ ನಿಂತಾಗ ಮೊದಲು ಕಣ್ಣಿಗೆ ಬೀಳುವುದು ಕಲ್ಲು. ನಮ್ಮ ಸೀಮೆಯ ಬೂದು ಬಣ್ಣದ ಗ್ರಾನೈಟ್ ಶಿಲೆ. ಹಿಂದಿನ ಶತಮಾನದಿಂದಲೂ ಇಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಹೆಸರಿನ ಧರ್ಮಕೇಂದ್ರವಿತ್ತು. ಈಗಿನ ಆಲಯದ ಕಾರ್ಯ ಆರಂಭವಾದದ್ದು 1911ರಲ್ಲಿ, ಮುಗಿದದ್ದು 1932ರಲ್ಲಿ. ಇಪ್ಪತ್ತೊಂದು ವರ್ಷ! ಆ ಅವಧಿಯಲ್ಲಿ ಮೊದಲನೆಯ ಮಹಾಯುದ್ಧ ಬಂದು ಹೋಯಿತು. 1918ರ ಇನ್‌ಫ್ಲೂಯೆಂಜಾ ಜ್ವರ ಅಸಂಖ್ಯ ಮನೆಗಳ ದೀಪ ನಂದಿಸಿತು. ಕೆಲಸ ಆರಂಭವಾದಾಗ ಪೀಠದಲ್ಲಿದ್ದ ಧರ್ಮಾಧ್ಯಕ್ಷರು ಅದು ಮುಗಿದುದನ್ನು ಕಾಣಲಿಲ್ಲ. ಅದು ಮುಗಿದದ್ದು 1922ರಲ್ಲಿ ಪೀಠಕ್ಕೆ ಬಂದ ಮೌರಿಸ್ ದೆಪಾತ್ಯೂರರ ಕಾಲದಲ್ಲಿ. ಮೊದಲ ಕಲ್ಲು ಹೊತ್ತ ಕೂಲಿಕಾರನ ಮಗು ಬೆಳೆದು ದೊಡ್ಡದಾಗುವಷ್ಟು ಕಾಲ ಕಟ್ಟಿದ ಆಲಯವಿದು. ತಾವು ಕಾಣಲಾರದುದನ್ನು ಮುಂದಿನವರಿಗಾಗಿ ಕಟ್ಟುವುದೂ ವಿಶ್ವಾಸದ ಒಂದು ರೂಪವೇ ಅಲ್ಲವೇ?

ಪಾಲಕ ಸಂತರಾದ ಫ್ರಾನ್ಸಿಸ್ ಕ್ಸೇವಿಯರ್ 1542ರಲ್ಲಿ ಗೋವೆಗೆ ಬಂದಿಳಿದಾಗ ಕೆಂಪೇಗೌಡರ ಬೆಂಗಳೂರಿಗೆ ಕೇವಲ ಐದು ವರ್ಷ. ಅವರ ಕಾರ್ಯಕ್ಷೇತ್ರ ಗೋವೆ, ಮುತ್ತಿನ ಕರಾವಳಿ, ಮಲಾಕ್ಕಾ, ಜಪಾನ್ ಎಂದು ದೂರ ದೂರಕ್ಕೆ ಹರಡಿತ್ತು. ಹೋದಲ್ಲೆಲ್ಲ ಅಲ್ಲಿನ ಜನರ ನುಡಿಯಲ್ಲೇ ಜಪಗಳನ್ನು ಕಲಿಸಲು ಅವರು ಹೆಣಗಿದರು. 1552ರಲ್ಲಿ ಚೀನಾದ ಬಾಗಿಲಲ್ಲಿ ಅವರು ಕಣ್ಮುಚ್ಚಿದರು. ನಮ್ಮ ಹಿರಿಯರು ಆ ಪರದೇಶದ ಹೆಸರನ್ನು ನಾಲಿಗೆಗೆ ಒಗ್ಗಿಸಿಕೊಂಡು ಮಕ್ಕಳಿಗೆ ಚೌರಪ್ಪ, ಚೌರಿಯಪ್ಪ ಎಂದು ಹೆಸರಿಟ್ಟರು. ಪ್ರಧಾನಾಲಯದ ಹೆಸರು ನಮಗೆ ಪರಕೀಯವಲ್ಲ. ಅದು ನಮ್ಮ ತಾತ ಮುತ್ತಾತಂದಿರ ಹೆಸರೇ.

ಇನ್ನು ಇತಿಹಾಸದ ಒಂದು ವಿಶೇಷವನ್ನು ಗಮನಿಸಿ. 1940ರ ಫೆಬ್ರವರಿ 13ರಂದು ಮೈಸೂರಿನಿಂದ ಬೇರ್ಪಟ್ಟು ಬೆಂಗಳೂರು ಧರ್ಮಕ್ಷೇತ್ರ ಉದಯಿಸಿತು. ಪೇಟೆಯೂ ದಂಡೂ ಸುತ್ತಲಿನ ಹಳ್ಳಿಗಳೂ ಅದರಲ್ಲಿ ಒಂದಾಗಿ ಸೇರಿದ್ದವು. ದಂಡು ಪ್ರದೇಶ ಮೈಸೂರು ಸಂಸ್ಥಾನಕ್ಕೆ ಮರಳಿ ಬಂದದ್ದು 1947ರಲ್ಲಿ. ಎರಡು ಪುರಸಭೆಗಳು ಕೂಡಿ ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ. ಅಂದರೆ ಬೆಂಗಳೂರು ಒಂದೇ ನಗರವಾಗುವುದಕ್ಕೆ ಒಂಬತ್ತು ವರ್ಷ ಮೊದಲೇ 'ಬೆಂಗಳೂರು' ಎಂಬ ಒಂದೇ ಹೆಸರಿನಡಿ ಎರಡೂ ಊರುಗಳ ವಿಶ್ವಾಸಿಗಳಿಗೆ ಒಂದೇ ಪೀಠ ಸಿದ್ಧವಾಗಿತ್ತು. ಆ ಪೀಠದಲ್ಲಿ ಮೊದಲು ಕುಳಿತವರು ಫ್ರಾನ್ಸಿನ ದೆಪಾತ್ಯೂರ್. 1942ರಲ್ಲಿ ಅವರ ನಂತರ ಬಂದವರು ಆಂಧ್ರದ ಥಾಮಸ್ ಪೋತಕಮೂರಿ. 1953ರಲ್ಲಿ ಬೆಂಗಳೂರು ಮಹಾಧರ್ಮಕ್ಷೇತ್ರವಾದಾಗ ಅವರೇ ಮೊದಲ ಮಹಾಧರ್ಮಾಧ್ಯಕ್ಷರಾದರು.

ಆದರೆ ಕಾಗದದ ಮೇಲಿನ ಐಕ್ಯವೇ ಹೃದಯಗಳ ಐಕ್ಯವಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಲತೀನಿನ ಸ್ಥಾನಕ್ಕೆ ಜನರ ನುಡಿಗಳು ಬಂದಾಗ, ಯಾವ ನುಡಿ ಎಂಬ ಪ್ರಶ್ನೆ ನಮ್ಮ ಮಹಾಧರ್ಮಕ್ಷೇತ್ರವನ್ನು ದಶಕಗಳ ಕಾಲ ನೋಯಿಸಿತು. ಕನ್ನಡ ನಾಡಿನ ಬಲಿಪೀಠದಲ್ಲಿ ಕನ್ನಡಕ್ಕೆ ಅದರ ಸ್ಥಾನ ಬೇಕೆಂಬ ಹಂಬಲ ನ್ಯಾಯವಾದುದೇ. ತಾಯಿನುಡಿಯಲ್ಲಿ ಪ್ರಾರ್ಥಿಸಬೇಕೆಂಬ ದಂಡಿನ ತಮಿಳು ಕುಟುಂಬದ ಆಸೆಯೂ ಅಸಹಜವಲ್ಲ. ಒಂದೇ ಪರಮಪ್ರಸಾದವನ್ನು ಸ್ವೀಕರಿಸುವವರು ಪರಸ್ಪರ ಮುಖ ತಿರುಗಿಸಿ ನಿಂತದ್ದು ಮಾತ್ರ ನಮ್ಮೆಲ್ಲರ ದುಃಖ. ಆ ಗಾಯ ಪೂರ್ತಿ ಮಾಗಿದೆ ಎಂದು ಇಂದಿಗೂ ಎದೆ ಮುಟ್ಟಿ ಹೇಳಲಾಗದು. ಹಾಗಾಗಿಯೇ ಪ್ರಧಾನಾಲಯದ ಅರ್ಥ ನಮಗೆ ಹಿಂದೆಂದಿಗಿಂತ ಇಂದು ಅಗತ್ಯವಾಗಿದೆ. ಧರ್ಮಾಧ್ಯಕ್ಷರ ಪೀಠ ಯಾವ ಒಂದು ನುಡಿಯ, ಯಾವ ಒಂದು ಬಡಾವಣೆಯ ಸ್ವತ್ತೂ ಅಲ್ಲ. ಫ್ರೆಂಚರೂ ತೆಲುಗರೂ ತಮಿಳರೂ ಕೊಂಕಣಿಗರೂ ಅದರಲ್ಲಿ ಕುಳಿತಿದ್ದಾರೆ. ಕುಳಿತವರು ಎಲ್ಲರ ತಂದೆಯಾಗಿರಬೇಕು. ಎದುರಿಗೆ ನಿಂತವರು ಒಂದೇ ಮನೆಯ ಮಕ್ಕಳಾಗಿರಬೇಕು.

"ನಮ್ಮ ಧರ್ಮಕೇಂದ್ರ ನಮಗುಂಟು, ಪ್ರಧಾನಾಲಯಕ್ಕೂ ನಮಗೂ ಏನು ನಂಟು?" ಎಂದು ಯಾರಾದರೂ ಕೇಳಬಹುದು. ನಿಮ್ಮ ಮಗುವಿನ ದೀಕ್ಷಾಸ್ನಾನವನ್ನು ನೆನೆಯಿರಿ. ಗುರುಗಳು ಮಗುವಿನ ನೆತ್ತಿಗೆ ಲೇಪಿಸಿದ ಪರಿಮಳ ತೈಲ ಕ್ರಿಸ್ಮ. ಅದನ್ನು ಪವಿತ್ರೀಕರಿಸುವ ಅಧಿಕಾರ ಧರ್ಮಾಧ್ಯಕ್ಷರದು. ಪವಿತ್ರ ಗುರುವಾರದಂದು, ಇಲ್ಲವೇ ಅದಕ್ಕೆ ಮುಂಚಿನ ದಿನಗಳಲ್ಲಿ, ಅವರು ತಮ್ಮ ಗುರುಗಳೆಲ್ಲರ ಜೊತೆಗೂಡಿ ಅರ್ಪಿಸುವ ಬಲಿಪೂಜೆಯಲ್ಲಿ ಕ್ರಿಸ್ಮವನ್ನು ಪವಿತ್ರೀಕರಿಸಿ, ರೋಗಿಗಳ ತೈಲವನ್ನೂ ದೀಕ್ಷಾರ್ಥಿಗಳ ತೈಲವನ್ನೂ ಆಶೀರ್ವದಿಸುತ್ತಾರೆ. ಅಲ್ಲಿಂದ ಅವು ಪುಟ್ಟ ಪಾತ್ರೆಗಳಲ್ಲಿ ಪ್ರತಿಯೊಂದು ಧರ್ಮಕೇಂದ್ರಕ್ಕೂ ಸಾಗುತ್ತವೆ. ಪೇಟೆಯ ಮಗುವಿನ ನೆತ್ತಿಗೂ ದಂಡಿನ ಮುದುಕನ ಹಣೆಗೂ ತಲುಪುವುದು ಒಂದೇ ಪೀಠದ ತೈಲ. ಮಲ್ಲೇಶ್ವರದ ಸಂತ ಪೇತ್ರರ ಗುರುಮಠವನ್ನೂ ನೆನೆಯಿರಿ. 1778ರಲ್ಲಿ ಪುದುಚೇರಿ ಸೀಮೆಯಲ್ಲಿ ಹುಟ್ಟಿ 1934ರಲ್ಲಿ ಬೆಂಗಳೂರಿಗೆ ಬಂದ ಆ ವಿದ್ಯಾಲಯದಲ್ಲಿ ಹಲವು ನುಡಿಗಳ ಯುವಕರು ಒಂದೇ ಪಂಕ್ತಿಯಲ್ಲಿ ಕುಳಿತು ಗುರುದೀಕ್ಷೆಗೆ ಸಿದ್ಧರಾಗುತ್ತಾರೆ. ಅವರು ವಿಧೇಯತೆಯ ಮಾತು ಕೊಡುವುದು ಧರ್ಮಾಧ್ಯಕ್ಷರ ಕೈಗಳಲ್ಲಿ ಕೈಯಿಟ್ಟು. ಹೀಗೆ ನಮಗೆ ಅರಿವಿಲ್ಲದೆಯೇ ಆ ಪೀಠ ನಮ್ಮ ಮನೆಯೊಳಗೆ ಬಂದು ಹೋಗುತ್ತಲೇ ಇದೆ.

ಆದುದರಿಂದ ಓದುಗ ಬಾಂಧವರೇ, ಒಂದು ಭಾನುವಾರ ಮಕ್ಕಳನ್ನೂ ಮನೆಯ ಹಿರಿಯರನ್ನೂ ಕರೆದುಕೊಂಡು ಪ್ರಧಾನಾಲಯಕ್ಕೆ ಹೋಗಿ ಬನ್ನಿ. ಡಿಸೆಂಬರ್ 3ರ ಸಂತರ ಹಬ್ಬದ ಆಸುಪಾಸಿನಲ್ಲಿ ಹೋದರೆ ಇನ್ನೂ ಒಳಿತು. ಹೊರಗೋಡೆಯ ಕಲ್ಲಿನ ಮೇಲೆ ಮಕ್ಕಳು ಅಂಗೈ ಇಟ್ಟು ನೋಡಲಿ. ಇಪ್ಪತ್ತೊಂದು ವರ್ಷದ ತಾಳ್ಮೆ ಎಂದರೇನೆಂದು ಅವರಿಗೆ ತಿಳಿಸಿ. ಒಳಗೆ ಹೋಗಿ ಪರಮಪ್ರಸಾದಕ್ಕೆ ವಂದಿಸಿ, ಬಳಿಕ ಧರ್ಮಾಧ್ಯಕ್ಷರ ಪೀಠವನ್ನು ಅವರಿಗೆ ತೋರಿಸಿ. ಬಹುತೇಕ ದಿನಗಳಲ್ಲಿ ಅದು ಬರಿದಾಗಿರುತ್ತದೆ. ಆ ಬರಿದಾದ ಆಸನದ ಮುಂದೆ ಈ ಮಹಾಧರ್ಮಕ್ಷೇತ್ರದ ಎಲ್ಲ ಜನರಿಗಾಗಿ, ವಿಶೇಷವಾಗಿ ನಮ್ಮ ನುಡಿಯಾಡದವರಿಗಾಗಿ, ನಮ್ಮ ನುಡಿಯಲ್ಲೇ ಒಂದು ಪರಲೋಕ ಮಂತ್ರ ಹೇಳಿ. ಪಕ್ಕದ ಬೆಂಚಿನಲ್ಲಿ ಯಾರೋ ಅದೇ ಪ್ರಾರ್ಥನೆಯನ್ನು ಬೇರೊಂದು ನುಡಿಯಲ್ಲಿ ಹೇಳುತ್ತಿರಬಹುದು. ತಂದೆ ಒಬ್ಬನೇ.