ಫಿನ್ಲೆಂಡಿನಲ್ಲಿ ಕ್ವೇಕರರ ಋಣವಿಮೋಚನೆ

ಕ್ರಿಮಿಯಾ ಯುದ್ಧವೆಂದೊಡನೆ ಇತಿಹಾಸಾಭ್ಯಾಸಿಗಳಿಗೆ ಕಪ್ಪುಸಮುದ್ರದ ತೀರವೇ ಸ್ಮರಣೆಗೆ ಬರುವುದು. ಆದರೆ ಆ ಯುದ್ಧದ ಜ್ವಾಲೆಯು ಉತ್ತರದ ಬಾಲ್ಟಿಕ್ ಸಮುದ್ರದವರೆಗೂ ವ್ಯಾಪಿಸಿದ್ದಿತು. ಫಿನ್ಲೆಂಡು ಆಗ ರಷ್ಯಾ ಚಕ್ರವರ್ತಿಯ ಅಧೀನದಲ್ಲಿದ್ದ ದೇಶ. ಕ್ರಿ. ಶ. 1854ರಲ್ಲಿ ಆಂಗ್ಲ ನೌಕಾದಳವು ಬೋತ್ನಿಯಾ ಕೊಲ್ಲಿಯ ರಾಹೆ, ಔಲು ಎಂಬ ರೇವುಪಟ್ಟಣಗಳಲ್ಲಿ ಹಡಗುಗಳನ್ನೂ ಮರಮುಟ್ಟುಗಳನ್ನೂ ಟಾರಿನ ದಾಸ್ತಾನುಗಳನ್ನೂ ಸುಟ್ಟುಹಾಕಿತು. ಚಕ್ರವರ್ತಿಯ ಮೇಲಣ ಕೋಪಕ್ಕೆ ಪ್ರಜೆಗಳ ಜೀವನೋಪಾಯವು ಆಹುತಿಯಾಯಿತು.

ಈ ಯುದ್ಧವನ್ನು ತಡೆಯಲೆಂದು ಬರ್ಮಿಂಗ್‌ಹ್ಯಾಮಿನ ಧಾನ್ಯವರ್ತಕನೂ ಕ್ವೇಕರ್ ಪಂಥದವನೂ ಆದ ಜೋಸೆಫ್ ಸ್ಟರ್ಜನು, ಮತ್ತಿಬ್ಬರು ಸ್ವಪಂಥೀಯರೊಡನೆ 1854ರ ಫೆಬ್ರವರಿಯಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ ಹೋಗಿ ಚಕ್ರವರ್ತಿ ಒಂದನೆಯ ನಿಕೊಲಾಸನನ್ನು ಕಂಡಿದ್ದನು. ಯತ್ನವು ನಿಷ್ಫಲವಾಯಿತು. 1856ರ ಮಾರ್ಚಿಯಲ್ಲಿ ಪ್ಯಾರಿಸಿನಲ್ಲಿ ಸಂಧಿಯಾದ ಬಳಿಕ, ಅದೇ ವರ್ಷ ಅವನು ಥಾಮಸ್ ಹಾರ್ವೆಯೊಡನೆ ಫಿನ್ಲೆಂಡಿಗೆ ತೆರಳಿ, ತನ್ನ ದೇಶದವರು ಮಾಡಿದ ಹಾನಿಯನ್ನು ಕಣ್ಣಾರೆ ಕಂಡನು. ಅದರ ಮೇಲೆ ಬೆಳೆ ಕೆಟ್ಟು ಕ್ಷಾಮವೂ ಒದಗಿತು. ಆಗ ಇಂಗ್ಲೆಂಡಿನ ಕ್ವೇಕರರು ಸುಮಾರು 9,000 ಪೌಂಡುಗಳನ್ನು ಕೂಡಿಸಿ ಆ ಜನರಿಗೆ ನೆರವಾದರು.

ಇದನ್ನು ದಾನವೆನ್ನಬೇಕೆ, ಪ್ರಾಯಶ್ಚಿತ್ತವೆನ್ನಬೇಕೆ? ದಾನದಲ್ಲಿ ಕೊಡುವವನ ಕೈ ಮೇಲು. ಇಲ್ಲಿ ಕೊಟ್ಟವರು ತಲೆತಗ್ಗಿಸಿ ಬಂದವರು. ಪ್ರಾಯಶ್ಚಿತ್ತವು ಪಾಪ ಮಾಡಿದವನಿಗೇ ವಿಹಿತವಾದುದು. ಇವರಾದರೋ ಶಸ್ತ್ರಧಾರಣೆಯನ್ನೇ ನಿಷೇಧಿಸಿಕೊಂಡವರು. ತಂದೆಯ ಋಣವನ್ನು ಮಗನು ತೀರಿಸತಕ್ಕದ್ದೆಂದು ಧರ್ಮಶಾಸ್ತ್ರವು ವಿಧಿಸುತ್ತದೆ. ಸಾಲವನ್ನು ತಾನು ಮಾಡಲಿಲ್ಲವೆಂಬ ಮಾತು ಅಲ್ಲಿ ನಿಲ್ಲದು. ಸ್ವದೇಶದ ಸಾಲಕ್ಕೆ ಈ ನ್ಯಾಯವನ್ನೇ ಅನ್ವಯಿಸಿಕೊಂಡವರ ಕಾರ್ಯಕ್ಕೆ ಋಣವಿಮೋಚನೆಯೆಂಬ ಹೆಸರೇ ಒಪ್ಪುವುದು.